ಹಳೆಯ ವ್ಯಾನ್ ಕೊಳ್ಳುವ ಮುನ್ನ

ಚಿಂಚೋಳಿಯಂಥ ಊರುಗಳಲ್ಲಿ ಮನೆ ಮುಂದೆ ಒಂದು ವ್ಯಾನ್ ನಿಂತಿದ್ದರೆ ಅದನ್ನು ಶೋಕಿ ಎನ್ನುವಂತಿಲ್ಲ. ಊರಿಗೆ ರೈಲಿಲ್ಲ. ರೈಲು ಹತ್ತಬೇಕೆಂದರೆ ಸೇಡಮಿಗೋ ಗಡಿಯಾಚೆಯ ತಾಂಡೂರಿಗೋ ಹೋಗಬೇಕು. ದೊಡ್ಡ ಆಸ್ಪತ್ರೆ, ಕಾಲೇಜು, ಬಟ್ಟೆ ಅಂಗಡಿ ಎಲ್ಲಕ್ಕೂ ಕಲಬುರಗಿಯೇ ಗತಿ. ಅಲ್ಲಿಗೆ ಹೋಗಿ ಬರಲು ಅರ್ಧ ದಿನ ಬೇಕು. ನೆಂಟಸ್ತಿಕೆಯೋ, ಚಿತ್ತಾಪುರ, ವಾಡಿ, ಶಹಾಬಾದಿನಿಂದ ಹಿಡಿದು ಝಹೀರಾಬಾದ್, ಹೈದರಾಬಾದಿನವರೆಗೂ ಹರಡಿಕೊಂಡಿರುತ್ತದೆ. ಅತ್ತೆ ಮಾವ, ಗಂಡ ಹೆಂಡತಿ, ಮೂರು ಮಕ್ಕಳು ಒಟ್ಟಿಗೆ ಹೊರಡಬೇಕಾದರೆ ಸಣ್ಣ ಕಾರು ಸಾಲದು, ಹೊಸ ದೊಡ್ಡ ಕಾರು ಕೈಗೆಟುಕದು. ಆಗ ಮನೆಯಲ್ಲಿ ಒಂದು ಮಾತು ಎದ್ದೇ ಏಳುತ್ತದೆ: "ಒಂದು ಹಳೆಯ ವ್ಯಾನ್ ತಗೊಂಡ್ರೆ ಹೇಗೆ?"

ಈ ಮಾತಿನಿಂದ ಹಿಡಿದು ಹಣ ಎಣಿಸಿ ಕೊಡುವವರೆಗಿನ ಎಲ್ಲ ಕೆಲಸವೂ ಸಾಮಾನ್ಯವಾಗಿ ಗಂಡಸರದ್ದೇ ಆಗಿರುತ್ತದೆ. ಆದರೆ ಆ ಹಣದಲ್ಲಿ ಮನೆಯಾಕೆಯ ಚೀಟಿಯ ಉಳಿತಾಯವೋ, ಬಳೆಯೋ, ಸರವೋ ಸೇರಿರುತ್ತದೆ. ವ್ಯಾನ್ ಮನೆಗೆ ಬಂದ ಮೇಲೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪ್ರಯಾಣಿಸುವವಳೂ ಅವಳೇ. ಆದ್ದರಿಂದ ಈ ವಿಷಯದಲ್ಲಿ ನಾಲ್ಕು ಮಾತು ತಿಳಿದುಕೊಂಡಿರುವುದು ಸ್ತ್ರೀಯರಿಗೆ ಅನಗತ್ಯವೆಂದು ಯಾರೂ ಭಾವಿಸಬೇಕಿಲ್ಲ. ಜೋಳ ಕೊಳ್ಳುವಾಗ ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುವ, ಸೀರೆ ಕೊಳ್ಳುವಾಗ ಸೆರಗನ್ನು ಬೆಳಕಿಗೆ ಹಿಡಿಯುವ ನಮ್ಮ ಕಣ್ಣಿಗೆ ವಾಹನ ಪರೀಕ್ಷಿಸುವುದು ಅಸಾಧ್ಯವಾದ ವಿದ್ಯೆಯೇನಲ್ಲ.

ಮೊದಲು ಅಗತ್ಯವನ್ನು ಅಳೆಯಿರಿ

ವ್ಯಾನ್ ನೋಡಲು ಹೋಗುವ ಮೊದಲು ಒಂದು ಹಾಳೆ ತೆಗೆದುಕೊಂಡು, ಕಳೆದ ಒಂದು ವರ್ಷದಲ್ಲಿ ಕುಟುಂಬವೆಲ್ಲ ಒಟ್ಟಿಗೆ ಎಷ್ಟು ಸಲ ಪ್ರಯಾಣ ಮಾಡಿತೆಂದು ಬರೆಯಿರಿ. ಎರಡು ಈದ್, ಮೂರು ಮದುವೆ, ನಾಲ್ಕು ಸಲ ಆಸ್ಪತ್ರೆ, ಒಂದು ಸಲ ಕಲಬುರಗಿಯ ಉರೂಸ್ ಎಂದು ಹತ್ತು ಹನ್ನೆರಡಕ್ಕೆ ಪಟ್ಟಿ ಮುಗಿದರೆ, ಅಷ್ಟು ಸಲ ಬಾಡಿಗೆ ವಾಹನ ಮಾಡುವುದೇ ಅಗ್ಗ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಆರಂಭವಾದಂದಿನಿಂದ ರಾಜ್ಯದೊಳಗಿನ ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಟಿಕೆಟ್ ಖರ್ಚೂ ಇಲ್ಲ. ನಿಂತ ವ್ಯಾನೂ ತಿನ್ನುತ್ತದೆ. ವಿಮೆ ಕಟ್ಟಬೇಕು, ಬ್ಯಾಟರಿ ಸಾಯುತ್ತದೆ, ಟೈರು ಬಿರುಕು ಬಿಡುತ್ತದೆ.

ಆದರೆ ಮನೆಯಲ್ಲಿ ಡಯಾಲಿಸಿಸ್‌ಗೆ ಹೋಗುವ ಹಿರಿಯರಿದ್ದರೆ, ವಾರ ವಾರ ಸಂತೆಗೆ ಸರಕು ಒಯ್ಯುವ ವ್ಯಾಪಾರವಿದ್ದರೆ, ನಡೆಯಲಾರದ ಮಗುವಿದ್ದರೆ ಲೆಕ್ಕ ಬೇರೆಯಾಗುತ್ತದೆ. ಅಂಥ ಮನೆಗೆ ವ್ಯಾನ್ ಅಗತ್ಯವೇ. ಆದರೆ ನಡುದಾರಿಯಲ್ಲಿ ಕೈಕೊಡದ ವ್ಯಾನ್ ಬೇಕು.

ಇನ್ನೊಂದು ಮಾತು. ಕೈಯಲ್ಲಿ ಒಂದೂವರೆ ಲಕ್ಷ ಇದೆಯೆಂದು ಒಂದೂವರೆ ಲಕ್ಷದ ವ್ಯಾನ್ ನೋಡಬೇಡಿ. ಹಳೆಯ ವಾಹನ ಮನೆಗೆ ಬಂದ ಮೊದಲ ತಿಂಗಳಲ್ಲೇ ಟೈರು, ಬ್ಯಾಟರಿ, ಬ್ರೇಕು, ಆಯಿಲ್, ವಿಮೆ, ಹೆಸರು ಬದಲಾವಣೆ ಎಂದು ಹಣ ಕೇಳುತ್ತದೆ. ಇಪ್ಪತ್ತೈದು ಮೂವತ್ತು ಸಾವಿರವನ್ನು ಮೊದಲೇ ಪಕ್ಕಕ್ಕಿಟ್ಟು, ಉಳಿದುದರಲ್ಲಿ ವ್ಯಾನ್ ನೋಡುವುದು ಜಾಣತನ. ಇಲ್ಲವಾದರೆ ಆ ಮೊದಲ ತಿಂಗಳ ರಿಪೇರಿಗಾಗಿಯೇ ಬಡ್ಡಿ ಸಾಲದ ಬಾಗಿಲು ತಟ್ಟುವ ಪರಿಸ್ಥಿತಿ ಬರುತ್ತದೆ.

ಯಾವ ವ್ಯಾನ್?

ನಮ್ಮ ಕಡೆ ಹಳೆಯ ವ್ಯಾನ್ ಎಂದರೆ ಹೆಚ್ಚಾಗಿ ಮಾರುತಿಯ ಓಮ್ನಿ ಅಥವಾ ಈಕೋ. 1984ರಲ್ಲಿ 'ಮಾರುತಿ ವ್ಯಾನ್' ಎಂಬ ಹೆಸರಿನಲ್ಲಿ ಬಂದ ವಾಹನಕ್ಕೆ 1988ರಲ್ಲಿ ಓಮ್ನಿ ಎಂದು ಹೆಸರಾಯಿತು. ಮಾರುತಿ 800 ಕಾರಿನ 796 ಸಿ.ಸಿ. ಎಂಜಿನ್ನೇ ಇದರದ್ದೂ. ಸಿನಿಮಾದವರು ಅದನ್ನು ಅಪಹರಣಕಾರರ ವಾಹನವೆಂದು ಹೆಸರು ಕೆಡಿಸಿದರೂ, ಊರೂರಲ್ಲಿ ಅದು ಆಂಬುಲೆನ್ಸ್ ಆಗಿ, ಶಾಲೆಯ ಗಾಡಿಯಾಗಿ, ಮದುವೆ ಮನೆಯ ಪಾತ್ರೆ ಹೊರುವ ಬಂಡಿಯಾಗಿ ದುಡಿದಿದೆ. ಯಾವ ಮೆಕ್ಯಾನಿಕ್ಕಿಗೂ ಅದರ ಕೆಲಸ ಗೊತ್ತು. ಹೊಸ ಸುರಕ್ಷತಾ ನಿಯಮಗಳಿಗೆ ಹೊಂದದ ಕಾರಣ 2019ರಲ್ಲಿ ಅದರ ತಯಾರಿಕೆ ನಿಂತಿತು. ಹಾಗಾಗಿ ಇಂದು ಸಿಗುವ ಯಾವ ಓಮ್ನಿಯೂ ಅದಕ್ಕಿಂತ ಈಚಿನದ್ದಲ್ಲ. ಹಲವು ಓಮ್ನಿಗಳು ಹದಿನೈದು ವರ್ಷ ದಾಟಿದವು.

ಈಕೋ ಬಂದದ್ದು 2010ರ ಜನವರಿಯಲ್ಲಿ. ಎಂಜಿನ್ 1196 ಸಿ.ಸಿ.ಯದ್ದು. ಕುಟುಂಬ ತುಂಬಿಕೊಂಡು ದಿನ್ನೆ ಏರುವಾಗ ಓಮ್ನಿಗಿಂತ ಸಲೀಸು. ಇವೆರಡರ ನಡುವೆ 2001ರಲ್ಲಿ ವರ್ಸಾ ಎಂಬುದೊಂದು ಬಂದಿತ್ತು. ಅಮಿತಾಭ್ ಮತ್ತು ಅಭಿಷೇಕ್ ಬಚ್ಚನ್ ಸೇರಿ ಜಾಹೀರಾತು ಕೊಟ್ಟರೂ ಅದು ಹೆಚ್ಚು ಮಾರಾಟವಾಗಲಿಲ್ಲ. ಕಡಿಮೆ ಬೆಲೆಗೆ ಸಿಕ್ಕಿತೆಂದು ಅದನ್ನು ಕೊಳ್ಳುವವರು, ಅದರ ಬಾಗಿಲು, ಗಾಜು, ಲೈಟು ಒಡೆದರೆ ಎಲ್ಲಿ ಸಿಗುತ್ತದೆಂದು ಮೊದಲೇ ವಿಚಾರಿಸಿಕೊಳ್ಳಬೇಕು. ಹಳೆಯ ವಾಹನದ ವಿಶ್ವಾಸಾರ್ಹತೆಯ ಅರ್ಧ ಭಾಗ ಅದರ ಎಂಜಿನ್ನಿನಲ್ಲಿದ್ದರೆ, ಇನ್ನರ್ಧ ಬಿಡಿಭಾಗ ಸಿಗುವ ಅಂಗಡಿಯಲ್ಲಿದೆ.

ಓಮ್ನಿ, ಈಕೋಗಳ ಒಂದು ಕೊರತೆಯನ್ನು ಮುಚ್ಚಿಡುವಂತಿಲ್ಲ. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಹಾಗಾಗಿ ಮುಂದೆ ಕುಳಿತವರ ಎದುರಿಗೆ ಹೊಡೆತ ತಡೆಯುವ ಜಾಗ ತೀರಾ ಕಡಿಮೆ. 2016ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಈಕೋಗೆ ಒಂದು ನಕ್ಷತ್ರವೂ ಸಿಗಲಿಲ್ಲ. 2019ರ ಜುಲೈ ನಂತರ ತಯಾರಾದ ವಾಹನಗಳಲ್ಲಿ ಚಾಲಕರ ಏರ್‌ಬ್ಯಾಗ್, 2022ರಿಂದ ಮುಂದಿನ ಎರಡೂ ಸೀಟುಗಳಿಗೆ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಸ್ವಲ್ಪ ಹೆಚ್ಚು ಹಣ ಹೊಂದಿಸಲು ಸಾಧ್ಯವಿರುವವರು ಈ ವರ್ಷಗಳನ್ನು ನೆನಪಿಟ್ಟುಕೊಳ್ಳಲಿ. ಯಾವ ವ್ಯಾನೇ ಆದರೂ ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳುವ ಅಭ್ಯಾಸವನ್ನು ಬಿಡಲೇಬೇಕು.

ಕಾಗದದಿಂದ ಆರಂಭಿಸಿ

ಬಣ್ಣ ನೋಡುವ ಮೊದಲು ಕಾಗದ ನೋಡಿ. ಆರ್.ಸಿ.ಯಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ವಾಹನದ ಮೇಲೆ ಕೊರೆದಿರುವ ನಂಬರಿಗೆ ಅಕ್ಷರಶಃ ಹೊಂದಬೇಕು. ಎಂಪರಿವಾಹನ್ ಎಂಬ ಸರಕಾರಿ ಆ್ಯಪ್‌ನಲ್ಲಿ ವಾಹನದ ನಂಬರು ಹಾಕಿದರೆ ನೋಂದಣಿಯ ದಿನಾಂಕ, ವಿಮೆ, ಫಿಟ್‌ನೆಸ್ ಅವಧಿಗಳು ಕಾಣಿಸುತ್ತವೆ. ಮನೆಯ ಮಗಳೋ ಸೊಸೆಯೋ ಐದು ನಿಮಿಷದಲ್ಲಿ ಮಾಡಬಹುದಾದ ಕೆಲಸವಿದು. ಕಟ್ಟದೆ ಉಳಿದ ದಂಡಗಳಿವೆಯೇ ಎಂಬುದನ್ನೂ ನೋಡಿ. ಆರ್.ಸಿ.ಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ ವಾಹನದ ಮೇಲೆ ಸಾಲವಿದೆ ಎಂದರ್ಥ. "ಸಾಲ ತೀರಿದೆ" ಎಂಬ ಬಾಯಿಮಾತು ಸಾಲದು. ಫೈನಾನ್ಸಿನವರ ಎನ್.ಒ.ಸಿ. ಮತ್ತು ಸಹಿಯಾದ ಫಾರಂ 35 ಬೇಕು.

ಖಾಸಗಿ ವಾಹನದ ನೋಂದಣಿಗೆ ಹದಿನೈದು ವರ್ಷದ ಅವಧಿ. ಅನಂತರ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಹದಿನಾಲ್ಕು ವರ್ಷದ ವ್ಯಾನ್ ಅಗ್ಗವಾಗಿ ಸಿಗುತ್ತಿದೆಯೆಂದರೆ, ಬರುವ ವರ್ಷದ ನವೀಕರಣದ ಶುಲ್ಕ, ತೆರಿಗೆ, ರಿಪೇರಿಗಳನ್ನು ಮಾರುವವರು ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ ಎಂದು ತಿಳಿದು ಬೆಲೆ ಮಾತಾಡಿ.

ಗಡಿಯ ತಾಲೂಕಾದ್ದರಿಂದ ನಮ್ಮಲ್ಲಿ ಇನ್ನೊಂದು ತೊಡಕಿದೆ. ತಾಂಡೂರು, ಹೈದರಾಬಾದ್ ಕಡೆಯ ವ್ಯಾನ್‌ಗಳು ಅಗ್ಗವೆಂದು ತರುವವರಿದ್ದಾರೆ. ಎಪಿ, ಟಿಎಸ್, 2024ರಿಂದ ಟಿಜಿ ಎಂದು ಅವುಗಳ ನಂಬರು ಆರಂಭವಾಗುತ್ತದೆ. ಅಂಥ ವಾಹನ ಕೊಂಡರೆ ಅಲ್ಲಿನ ಕಚೇರಿಯಿಂದ ಫಾರಂ 28ರಲ್ಲಿ ಎನ್.ಒ.ಸಿ. ತರಬೇಕು, ಕರ್ನಾಟಕದ ತೆರಿಗೆ ಕಟ್ಟಬೇಕು, ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಳ್ಳುವುದಾದರೆ ಇಲ್ಲಿನ ನಂಬರು ಪಡೆಯಬೇಕು. ಕಲಬುರಗಿಯದಾದರೆ ಕೆಎ 32. ಈ ಖರ್ಚನ್ನೆಲ್ಲ ಕೂಡಿಸಿದಾಗ "ಮೂವತ್ತು ಸಾವಿರ ಕಡಿಮೆ" ಎಂದು ಕಂಡ ವ್ಯಾನ್ ಹಲವು ಸಲ ದುಬಾರಿಯಾಗಿಯೇ ಬೀಳುತ್ತದೆ.

ಮುಂಜಾನೆ ಹೋಗಿ, ತಣ್ಣಗಿರುವಾಗ ನೋಡಿ

ವ್ಯಾನ್ ನೋಡಲು ಬೆಳಕಿರುವಾಗ, ಮುಂಜಾನೆ ಹೋಗಬೇಕು. "ನಾವು ಬರುವವರೆಗೆ ಚಾಲೂ ಮಾಡಬೇಡಿ" ಎಂದು ಮೊದಲೇ ಹೇಳಿಡಿ. ಹೋದಾಗ ಎಂಜಿನ್ ಬಿಸಿಯಾಗಿದ್ದರೆ, ತಣ್ಣಗಿದ್ದಾಗ ಅದು ಸುಲಭವಾಗಿ ಚಾಲೂ ಆಗುವುದಿಲ್ಲವೇನೋ ಎಂಬ ಅನುಮಾನಕ್ಕೆ ಎಡೆಯಿದೆ.

ಮುಂದಿನ ಸೀಟು ಎತ್ತಿಸಿ ಎಂಜಿನ್ ನೋಡಿ. ಆಯಿಲ್ ಕಡ್ಡಿ ಎಳೆದು ಬಿಳಿ ಬಟ್ಟೆಯಲ್ಲಿ ಒರೆಸಿ. ಆಯಿಲ್ ಕಪ್ಪಾಗಿದ್ದರೆ ಗಾಬರಿಯಿಲ್ಲ, ಬದಲಿಸಿದರಾಯಿತು. ಆದರೆ ಆಯಿಲ್ ಹಾಕುವ ಮುಚ್ಚಳದ ಒಳಗೆ ಹಾಲಿನ ಕೆನೆಯಂತೆ ನೊರೆ ಕಟ್ಟಿದ್ದರೆ, ಅಥವಾ ರೇಡಿಯೇಟರಿನ ನೀರಿನ ಮೇಲೆ ಎಣ್ಣೆ ತೇಲುತ್ತಿದ್ದರೆ ಎಂಜಿನ್ನಿನೊಳಗೆ ನೀರೂ ಎಣ್ಣೆಯೂ ಬೆರೆತಿರುವ ಸಾಧ್ಯತೆಯಿದೆ. ಅದು ದೊಡ್ಡ ರಿಪೇರಿ. ರೇಡಿಯೇಟರ್ ಮುಚ್ಚಳವನ್ನು ಎಂಜಿನ್ ತಣ್ಣಗಿರುವಾಗ ಮಾತ್ರ ತೆಗೆಯಬೇಕು. ಬಿಸಿಯಿದ್ದಾಗ ತೆಗೆದರೆ ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ.

ಚಾಲೂ ಮಾಡಿಸಿ ಹಿಂದೆ ನಿಂತು ಹೊಗೆ ನೋಡಿ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಕಪ್ಪು ಹೊಗೆ ಬಂದರೆ ಪೆಟ್ರೋಲ್ ಹೆಚ್ಚಾಗಿ ಪೋಲಾಗುತ್ತಿದೆ. ಚಳಿಯ ಮುಂಜಾನೆ ಸ್ವಲ್ಪ ಹೊತ್ತು ಬಿಳಿ ಹೊಗೆ ಬರುವುದು ಸಹಜ. ಎಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಹೋಗುತ್ತಿದೆ.

ಕಾಲಡಿಯ ರಬ್ಬರ್ ಹಾಸನ್ನು ಎತ್ತಿಸದೆ ಬಿಡಬೇಡಿ. ಹಳೆಯ ವ್ಯಾನ್‌ಗಳ ನಿಜವಾದ ವಯಸ್ಸು ಕಾಣುವುದು ಅಲ್ಲಿಯೇ. ಮೇಲೆ ಹೊಸ ಬಣ್ಣ ಮಿಂಚುತ್ತಿದ್ದು ಕೆಳಗೆ ತಗಡು ತುಕ್ಕು ಹಿಡಿದು ಹಪ್ಪಳದಂತೆ ಮುರಿಯುತ್ತಿದ್ದರೆ, ಎಷ್ಟೇ ಅಗ್ಗವಾದರೂ ಬೇಡವೆನ್ನಿ. ಎಂಜಿನ್ ಬದಲಿಸಬಹುದು, ಕೊಳೆತ ದೇಹವನ್ನು ಬದಲಿಸಲಾಗದು. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ. ತುದಿಯಲ್ಲಿ ಮಣ್ಣಿನ ಕಲೆಯಿದ್ದರೆ, ಸೀಟಿನ ಸ್ಪ್ರಿಂಗು ತುಕ್ಕು ಹಿಡಿದಿದ್ದರೆ, ಮುಗ್ಗಲು ವಾಸನೆ ಬರುತ್ತಿದ್ದರೆ ವಾಹನ ಎಂದೋ ನೆರೆಯಲ್ಲಿ ಮುಳುಗಿರಬಹುದು. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನಲ್ಲೂ ಭೀಮಾ ತೀರದಲ್ಲೂ ನೀರು ನುಗ್ಗಿದ್ದನ್ನು ನಾವು ಮರೆತಿಲ್ಲ. ಮುಳುಗಿದ ವಾಹನವನ್ನು ತೊಳೆದು ಮಾರಬಹುದು, ಆದರೆ ಅದರ ವಯರಿಂಗ್ ಯಾವ ದಿನ ಕೈಕೊಡುತ್ತದೆಂದು ಯಾರೂ ಹೇಳಲಾರರು.

ಪಕ್ಕಕ್ಕೆ ಸರಿಯುವ ಬಾಗಿಲನ್ನು ಹತ್ತು ಸಲ ತೆರೆದು ಮುಚ್ಚಿ. ಉರುಳೆ ಸವೆದಿದ್ದರೆ ಬಾಗಿಲು ಜೋಲುತ್ತದೆ, ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಮಕ್ಕಳು ಒರಗಿ ಕೂರುವುದು ಆ ಬಾಗಿಲಿಗೇ ಎಂಬುದು ನೆನಪಿರಲಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಗುರುತಿರುತ್ತದೆ. ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. 1419 ಎಂದಿದ್ದರೆ 2019ರ ಹದಿನಾಲ್ಕನೆಯ ವಾರದ ಟೈರು. ಗೆರೆಗಳು ಆಳವಾಗಿ ಕಂಡರೂ ಅಷ್ಟು ಹಳೆಯ ಟೈರನ್ನು ನಮ್ಮ ಬೇಸಿಗೆಯ ರಸ್ತೆಯಲ್ಲಿ ನಂಬುವಂತಿಲ್ಲ.

ಮೀಟರಿನಲ್ಲಿರುವ ಕಿಲೋಮೀಟರನ್ನು ಕಣ್ಣುಮುಚ್ಚಿ ನಂಬಬೇಡಿ, ಅದನ್ನು ತಿರುಗಿಸುವವರಿದ್ದಾರೆ. ಮೀಟರು ನಲವತ್ತು ಸಾವಿರ ಎನ್ನುತ್ತಿದ್ದು ಕ್ಲಚ್, ಬ್ರೇಕಿನ ಪೆಡಲ್ ರಬ್ಬರು ಸವೆದು ಕಬ್ಬಿಣ ಕಾಣುತ್ತಿದ್ದರೆ ಪೆಡಲನ್ನೇ ನಂಬಿ. ಕಂಪೆನಿಯ ವರ್ಕ್‌ಶಾಪಿನಲ್ಲಿ ಸರ್ವಿಸ್ ಮಾಡಿಸಿದ ದಾಖಲೆಗಳಿದ್ದರೆ ಕೇಳಿ ಪಡೆಯಿರಿ. ಓಮ್ನಿಯಾದರೆ ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೆಂದು ಕೇಳಿ. ಉತ್ತರ ಸಿಗದಿದ್ದರೆ ಅದರ ಖರ್ಚನ್ನು ನಿಮ್ಮ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಸಿಮೆಂಟ್ ಕಾರ್ಖಾನೆ, ಕಲ್ಲಿನ ಗಣಿಗಳ ಸುತ್ತ ಓಡಿದ ವಾಹನವಾದರೆ ಏರ್ ಫಿಲ್ಟರನ್ನು ತೆಗೆಸಿ ನೋಡಲೇಬೇಕು. ಸೇಡಂ, ವಾಡಿ ಕಡೆಯ ಧೂಳು ಎಂಜಿನ್ನಿನೊಳಗೆ ಹೋದರೆ ಉಜ್ಜುಕಾಗದದಂತೆ ಕೆಲಸ ಮಾಡುತ್ತದೆ.

ತುಂಬಿಕೊಂಡು ಓಡಿಸಿ ನೋಡಿ

ಖಾಲಿ ವ್ಯಾನ್ ಯಾರ ಕೈಯಲ್ಲೂ ಚೆನ್ನಾಗಿಯೇ ಓಡುತ್ತದೆ. ನೀವು ಕೊಳ್ಳುತ್ತಿರುವುದು ಏಳು ಜನರನ್ನು ಹೊರಲು. ಆದ್ದರಿಂದ ನಾಲ್ಕೈದು ಮಂದಿ ಹತ್ತಿ ಕುಳಿತು, ಕುಂಚಾವರಂ ಗುಡ್ಡದ ಕಡೆಯಂಥ ಒಂದು ಏರುದಾರಿಯಲ್ಲಿ ಅರ್ಧ ಗಂಟೆ ಓಡಿಸಿ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಾಡು ನಮ್ಮದು. ಎರಡನೆಯ ಸಲ ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ ನೋಡುವುದು ಇನ್ನೂ ಒಳ್ಳೆಯದು. ಬಿಸಿಯ ಮುಳ್ಳು ಮೇಲೇರುತ್ತಿದೆಯೇ, ಗೇರ್ ತಾನೇ ಜಾರುತ್ತಿದೆಯೇ, ಬ್ರೇಕ್ ಒತ್ತಿದಾಗ ವಾಹನ ಒಂದು ಪಕ್ಕಕ್ಕೆ ಎಳೆಯುತ್ತಿದೆಯೇ ಎಂದು ಗಮನಿಸಿ. ಓಡಿಸುವವರು ರಸ್ತೆ ನೋಡಲಿ, ಹಿಂದೆ ಕುಳಿತ ನೀವು ಸದ್ದು, ವಾಸನೆ, ಕುಲುಕಾಟ ಗಮನಿಸಿ. ಹಿಂದಿನ ಸೀಟಿನಲ್ಲಿ ಪೆಟ್ರೋಲಿನ ವಾಸನೆ ಬಂದರೆ ಅದನ್ನು ಲಘುವಾಗಿ ತೆಗೆದುಕೊಳ್ಳಬೇಡಿ.

ಕೊನೆಗೆ, ಮಾರುವವರಿಗೆ ಪರಿಚಯವಿಲ್ಲದ ಒಬ್ಬ ಮೆಕ್ಯಾನಿಕ್ಕಿಗೆ ಕೂಲಿ ಕೊಟ್ಟು ತೋರಿಸಿ. ಬ್ರೋಕರ್ ಕರೆತಂದ ಮೆಕ್ಯಾನಿಕ್ ಬ್ರೋಕರನ ಮಾತನ್ನೇ ಆಡುತ್ತಾನೆ. ಆ ಕೂಲಿ ದಂಡವಲ್ಲ. ಕೆಟ್ಟ ವ್ಯಾನೊಂದನ್ನು ತಪ್ಪಿಸಿದರೆ ಅದರ ನೂರು ಪಟ್ಟು ಉಳಿಯುತ್ತದೆ.

ಬೆಂಕಿಯೊಡನೆ ಚೌಕಾಸಿ ಬೇಡ

2020ರ ಫೆಬ್ರವರಿ 15ರಂದು ಪಂಜಾಬಿನ ಸಂಗ್ರೂರ್ ಜಿಲ್ಲೆಯ ಲೊಂಗೊವಾಲ್‌ನಲ್ಲಿ ಶಾಲೆ ಬಿಟ್ಟು ಮಕ್ಕಳನ್ನು ಮನೆಗೆ ಒಯ್ಯುತ್ತಿದ್ದ ಹಳೆಯ ವ್ಯಾನಿಗೆ ಬೆಂಕಿ ಹೊತ್ತಿಕೊಂಡು ನಾಲ್ವರು ಎಳೆಯ ಮಕ್ಕಳು ಸಜೀವ ದಹನವಾದರು. ಬೆಲೆ, ಮೈಲೇಜು, ಎ.ಸಿ. ಎಂದು ಚೌಕಾಸಿ ಮಾಡುವ ನಾವು ಈ ಒಂದು ವಿಷಯದಲ್ಲಿ ಮಾತ್ರ ಚೌಕಾಸಿ ಮಾಡುವಂತಿಲ್ಲ.

ಹಳೆಯ ವ್ಯಾನ್‌ಗಳಲ್ಲಿ ಅಡುಗೆ ಮನೆಯ ಗ್ಯಾಸ್ ಸಿಲಿಂಡರ್ ಇಟ್ಟು ಓಡಿಸುವ ಅಪಾಯಕಾರಿ ಚಾಳಿ ಹಲವೆಡೆ ಇದೆ. ಕಂಪೆನಿಯೇ ಎಲ್.ಪಿ.ಜಿ. ಅಳವಡಿಸಿ ಕೊಟ್ಟ ಓಮ್ನಿಗಳೂ ಇವೆ, ಮಾನ್ಯತೆ ಪಡೆದ ಕಿಟ್ ಹಾಕಿಸಿ ಆರ್.ಸಿ.ಯಲ್ಲಿ ದಾಖಲಿಸಿದ ವಾಹನಗಳೂ ಇವೆ. ಅವುಗಳ ಟ್ಯಾಂಕೇ ಬೇರೆ. ಮನೆಯ ಸಿಲಿಂಡರಿಗೆ ಪೈಪು ಜೋಡಿಸಿದ್ದರೆ, ಅಥವಾ ಗ್ಯಾಸ್ ಕಿಟ್ ಇದ್ದೂ ಆರ್.ಸಿ.ಯಲ್ಲಿ ಬರೀ ಪೆಟ್ರೋಲ್ ಎಂದಿದ್ದರೆ ಆ ವ್ಯಾನಿನ ಬಳಿ ಇನ್ನೊಂದು ನಿಮಿಷ ನಿಲ್ಲಬೇಡಿ. ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ವಿರುದ್ಧ.

ಪೆಟ್ರೋಲ್ ವ್ಯಾನಿನಲ್ಲೂ ಇಂಧನದ ರಬ್ಬರ್ ಪೈಪುಗಳನ್ನು ಪರೀಕ್ಷಿಸಿ, ಹಳೆಯದಾಗಿದ್ದರೆ ಎಲ್ಲವನ್ನೂ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದಕ್ಕೆಂದು ತಯಾರಾಗದ ಹಳೆಯ ರಬ್ಬರು ಬೇಗ ಹಾಳಾಗುತ್ತದೆ. ಹಾಡಿನ ಪೆಟ್ಟಿಗೆ, ಬಣ್ಣದ ದೀಪಕ್ಕೆಂದು ಸಿಕ್ಕ ಸಿಕ್ಕಲ್ಲಿ ವೈರು ಕತ್ತರಿಸಿ ಟೇಪು ಸುತ್ತಿದ್ದರೆ ಅದನ್ನೂ ತೆಗೆಸಿ ಹಾಕಿ. ವ್ಯಾನ್ ಮನೆಗೆ ಬಂದ ದಿನ ಆಗಬೇಕಾದ ಮೊದಲ ರಿಪೇರಿ ಇದು, ಸೀಟ್ ಕವರ್ ಅಲ್ಲ.

ಖಾಸಗಿ ನೋಂದಣಿಯ ಬಿಳಿ ನಂಬರಿನ ವ್ಯಾನನ್ನು ಬಾಡಿಗೆಗೆ ಓಡಿಸುವುದು, ಹಣ ಪಡೆದು ಶಾಲಾ ಮಕ್ಕಳನ್ನು ಸಾಗಿಸುವುದು ಕಾನೂನು ಬಾಹಿರ. ಅಪಘಾತವಾದರೆ ವಿಮಾ ಕಂಪೆನಿ ಕೈಚೆಲ್ಲಬಹುದು. ಆಗ ಪರಿಹಾರದ ಭಾರ ಮನೆಯ ಮೇಲೆಯೇ ಬೀಳುತ್ತದೆ. ನಿಮ್ಮ ಮಕ್ಕಳು ಹೋಗುವ ವ್ಯಾನಿನ ನಂಬರ್ ಪ್ಲೇಟ್ ಹಳದಿಯೋ ಬಿಳಿಯೋ ಎಂದು ನಾಳೆ ಬೆಳಿಗ್ಗೆಯೇ ನೋಡಿ.

ಹೆಸರು ಬದಲಿಸದೆ ವ್ಯವಹಾರ ಮುಗಿಯದು

ಹಣ ಕೊಟ್ಟು ಕೀಲಿ ಪಡೆದೊಡನೆ ವ್ಯವಹಾರ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ನಮ್ಮ ಸಂಬಂಧಿಕರೇ ಅಲ್ಲವೇ, ನಿಧಾನವಾಗಿ ಮಾಡೋಣ ಎಂಬ ಸಂಕೋಚವೂ ಇರುತ್ತದೆ. ಫಾರಂ 29 ಮತ್ತು 30ಕ್ಕೆ ಮಾರುವವರ ಸಹಿ ಅದೇ ದಿನ ಆಗಬೇಕು. ಕೊಂಡವರು 30 ದಿನಗಳೊಳಗೆ ಆರ್.ಟಿ.ಓ.ಗೆ ತಿಳಿಸಬೇಕು. ವಿಮೆಯನ್ನು 14 ದಿನಗಳೊಳಗೆ ತಮ್ಮ ಹೆಸರಿಗೆ ವರ್ಗಾಯಿಸಲು ಅರ್ಜಿ ಕೊಡಬೇಕು. ಮಾರುವವರಿಗೂ ಇದು ಅಷ್ಟೇ ಮುಖ್ಯ. ವಾಹನ ಮಾರಿ ಎಷ್ಟೇ ಕಾಲವಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿದೆ.

ವ್ಯವಹಾರವನ್ನು ಬರೆದಿಟ್ಟು ಸಾಕ್ಷಿಗಳನ್ನು ಇರಿಸಿಕೊಳ್ಳಬೇಕೆಂಬುದು ನಮಗೆ ಹೊಸ ಪಾಠವಲ್ಲ. ಎಷ್ಟು ಹಣ, ಯಾವ ದಿನ, ಯಾವ ಗಂಟೆಗೆ ವಾಹನ ಕೈ ಬದಲಾಯಿತು, ಏನೇನು ದೋಷವಿದೆಯೆಂದು ತಿಳಿಸಲಾಯಿತು ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಬರೆದಿಡುವುದು ಅಪನಂಬಿಕೆಯಲ್ಲ, ನಾಳೆ ಸಂಬಂಧ ಕೆಡದಿರಲೆಂಬ ಎಚ್ಚರಿಕೆ.

ಮದೀನಾದ ಮಾರುಕಟ್ಟೆಯಲ್ಲಿ ಪ್ರವಾದಿ(ಸ)ರವರು ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆ ತಗಲಿದ್ದೂ, ಆ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದ್ದೂ ನಮ್ಮ ಮನೆಮಕ್ಕಳಿಗೂ ಗೊತ್ತಿರುವ ಘಟನೆ. ಆ ಪ್ರಶ್ನೆ ಧಾನ್ಯಕ್ಕಷ್ಟೇ ಸೀಮಿತವಲ್ಲ. ರಬ್ಬರ್ ಹಾಸಿನ ಕೆಳಗಿನ ತುಕ್ಕು, ತಿರುಗಿಸಿದ ಮೀಟರು, ಬಣ್ಣ ಬಳಿದು ಮರೆಮಾಚಿದ ಅಪಘಾತ ಇವೆಲ್ಲವೂ ರಾಶಿಯೊಳಗಿನ ಒದ್ದೆಯೇ. ಕೊಳ್ಳುವಾಗ ಕೈಯಿಟ್ಟು ನೋಡುವ ಹಕ್ಕು ನಮಗಿದೆ. ಐದು ವರ್ಷ ಬಿಟ್ಟು ಅದೇ ವ್ಯಾನನ್ನು ನಾವು ಮಾರುವ ದಿನ ಬರುತ್ತದೆ. ಆಗ ಒದ್ದೆಯನ್ನು ಮೇಲಿಟ್ಟು ತೋರಿಸುವ ಹೊಣೆ ನಮ್ಮದಾಗುತ್ತದೆ. "ಬ್ರೇಕ್ ಚೆನ್ನಾಗಿದೆ, ಗೇರ್ ಸ್ವಲ್ಪ ತೊಂದರೆ ಕೊಡುತ್ತದೆ, ಇಷ್ಟು ಬೆಲೆ" ಎಂದು ಹೇಳಿ ಮಾರಿದರೆ ಐದು ಸಾವಿರ ಕಡಿಮೆ ಬರಬಹುದು. ಆದರೆ ಆ ವ್ಯಾನಿನಲ್ಲಿ ಮುಂದೆ ಕೂರಲಿರುವುದೂ ಯಾವುದೋ ಮನೆಯ ತಾಯಿ ಮಕ್ಕಳೇ ತಾನೆ?